ಇಪ್ಪತ್ತನಾಲ್ಕು ಡಬ್ಬ ಮಲ್ಲಿಗೆ

ಮಳೆಗೆ ಮೊಗ್ಗು ಕೊಳೆಯಬಹುದಿತ್ತು. ಮಳೆ ಬಾರದೆ ಬಿಸಿಲು ಕಾದು, ಎಲ್ಲವೂ ನಾಲ್ಕೈದು ದಿನ ಮೊದಲೇ ಅರಳಿ ಮುಗಿಯಬಹುದಿತ್ತು. ಹಸಿರು ಹುಳ ತಿನ್ನಬಹುದಿತ್ತು. ಹುಳ ಬಿಟ್ಟದ್ದನ್ನು ಬಸವನಹುಳು, ಬಸವನಹುಳು ಬಿಟ್ಟದ್ದನ್ನು ಆಚೆಮನೆಯ ಆಡು. ಮುಂಜಾನೆ ಬುಟ್ಟಿ ಹಿಡಿದು ಬೀದಿ ಸುತ್ತುವ ಭಕ್ತರು ಯಾರಾದರೂ ಅಷ್ಟನ್ನೂ ಕೊಯ್ದು ದೇವರಿಗೆ ಏರಿಸಬಹುದಿತ್ತು. (ದೇವರ ಹೆಸರಿನಲ್ಲಿ ಯಾರ ಅಂಗಳದ ಹೂ ಕೊಯ್ದರೂ ಅದು ಕಳ್ಳತನವಲ್ಲ ಎಂಬುದು ನಮ್ಮೂರಿನ ಕಾನೂನು. ಕೇಳಿದರೆ ಕೇಳಿದವನಿಗೇ ಪಾಪ.) ನಮಗೋ ಬೀಗರಿಗೋ ಸೂತಕ ಬರಬಹುದಿತ್ತು. ಕಾರಿನ ಚಕ್ರ ಪಂಕ್ಚರ್ ಆಗಬಹುದಿತ್ತು. ದಾರಿಯ ಹೊಳೆಯ ಸಂಕ ಕೊಚ್ಚಿಕೊಂಡು ಹೋಗಬಹುದಿತ್ತು. ಹೂವಿನ ಬುಟ್ಟಿಯ ಮೇಲೆ ಯಾರಾದರೂ ಕುಳಿತುಬಿಡಬಹುದಿತ್ತು. (ಆ ಯಾರಾದರೂ ನಾನೇ ಆಗುವ ಸಂಭವ ಹೆಚ್ಚು.)

ಇದರಲ್ಲಿ ಒಂದೂ ಆಗಲಿಲ್ಲ.

ಹೌದು, ಸರಿಯಾಗಿಯೇ ಓದಿದ್ದೀರಿ. ಒಂದೂ ಆಗಲಿಲ್ಲ! ಈ ಅಂಕಣದಲ್ಲಿ ನಾನು ಇಂಥ ವಾಕ್ಯ ಬರೆಯುವುದು ಇದೇ ಮೊದಲು. ಕಳೆದ ವಾರ ಅಂಕಣ ಯಾಕೆ ಬರಲಿಲ್ಲ ಎಂದು ಕೇಳಿದವರಿಗೂ ಇದೇ ಉತ್ತರ. ಗೆದ್ದಿದ್ದೆ. ಗೆದ್ದ ಮನುಷ್ಯನಿಗೆ ಕೂತು ಬರೆಯಲು ಪುರುಸೊತ್ತು ಎಲ್ಲಿಂದ?

ಹೊಸದಾಗಿ ಓದುವವರಿಗೆ ನನ್ನ ಕಸುಬು ಹೇಳಬೇಕು. ಕಾಸರಗೋಡಿನಲ್ಲಿ ರಿಜಿಸ್ಟ್ರಿ ಕಚೇರಿಯ ಎದುರಿನ ಜಗಲಿಯಲ್ಲಿ ಒಂದು ಗಿಡ್ಡ ಮೇಜು ಇಟ್ಟುಕೊಂಡು ದಸ್ತಾವೇಜು ಬರೆಯುತ್ತೇನೆ. ಜನ ರೈಟರು ಎನ್ನುತ್ತಾರೆ. ಜಾಗ ಮಾರುವವನಿಗೂ ಕೊಳ್ಳುವವನಿಗೂ ಸಂತೋಷ. ಒಬ್ಬರ ವೀಳ್ಯದೆಲೆಯನ್ನು ಇನ್ನೊಬ್ಬರು ಜಗಿಯುತ್ತಿರುತ್ತಾರೆ. ಅವರಿಬ್ಬರ ನಡುವೆ ಕುಳಿತು "ಮುಂದೆ ಯಾವುದೇ ವಿಧದ ತಕರಾರು ಉಂಟಾದಲ್ಲಿ" ಎಂದು ಬರೆಯುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷ ಇದನ್ನೇ ಬರೆದರೆ ಏನಾಗುತ್ತದೆ? ಬಟ್ಟಲಲ್ಲಿ ಪಾಯಸ ಕಂಡರೂ ಮೊದಲು ಹಲ್ಲಿ ಬಿದ್ದಿದೆಯೋ ಎಂದು ನೋಡುತ್ತೇನೆ.

ಇಂಥವನು ದುಡುಕಿ ಒಂದು ಮಾತು ಕೊಟ್ಟ. ಕೊಟ್ಟದ್ದು ಮುಳ್ಳೇರಿಯದಲ್ಲಿ.

ಮುಳ್ಳೇರಿಯದ ಹತ್ತಿರದ ಒಂದು ಮನೆಗೆ ನಮ್ಮ ಮಗಳು ಸುಮತಿಯನ್ನು ಕೊಟ್ಟಿದ್ದೇವೆ. ಆ ಮನೆಯವರಿಗೆ ತೋಟ ಉಂಟು, ಗದ್ದೆ ಉಂಟು, ಗುಡ್ಡೆಯಲ್ಲಿ ಗೇರುಮರ ಉಂಟು. ನಮಗೆ ಮೇಜು ಉಂಟು. ಆದರೂ ಕೇಳಿಕೊಂಡು ಬಂದು ಮದುವೆ ಮಾಡಿಕೊಂಡರು. ಒಳ್ಳೆಯ ಜನ. ಅಲ್ಲಿಗೆ ಅವಳು ಎರಡನೇ ಸೊಸೆ. ಮೊದಲ ಸೊಸೆಯ ತವರಿನವರಿಗೂ ದೊಡ್ಡ ತೋಟ.

ಬೇಸಗೆಯ ಕೊನೆಗೆ ಸುಮತಿ ನಾಲ್ಕು ತಿಂಗಳ ಬಸುರಿ. ಹೂ ಮುಡಿಸುವ ದಿನ ನಿಶ್ಚಯಿಸಲು ನಾನೂ ನನ್ನ ಹೆಂಡತಿ ದೇವಕಿಯೂ ಹೋಗಿದ್ದೆವು. ಚೊಚ್ಚಲ ಬಸುರಿಗೆ ಏಳನೇ ತಿಂಗಳಲ್ಲಿ ಗಂಡನ ಮನೆಯಲ್ಲಿ ನಡೆಯುವ ಶಾಸ್ತ್ರ ಇದು. ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ಅವಳ ಜಡೆಗೆ ಹೂ ಏರಿಸಬೇಕು. ಆ ಹೂ ತವರಿನಿಂದಲೇ ಬರಬೇಕು. ಅದು ಮುಗಿದ ಮೇಲೆ ಹೆರಿಗೆಗೆಂದು ಮಗಳನ್ನು ನಾವು ಮನೆಗೆ ಕರೆತರುವುದು.

ಏಳನೇ ತಿಂಗಳು ಬರುವುದು ಸರಿಯಾಗಿ ಆಟಿಗೆ, ಜಡಿಮಳೆಯ ತುಳು ತಿಂಗಳಿಗೆ. ಆಟಿಯಲ್ಲಿ ನಮ್ಮವರು ಯಾರೂ ಶುಭಕಾರ್ಯ ಇಟ್ಟುಕೊಳ್ಳುವುದಿಲ್ಲ. ಆಟಿ ಕಳೆದು ಸೋಣ ತಿಂಗಳು ಹುಟ್ಟಿದ ಕೂಡಲೇ ಮಾಡುವುದು ಎಂದಾಯಿತು. ಎಲ್ಲರೂ ತಲೆಯಾಡಿಸಿದರು. ಆಗ ಒಳಗಿನ ಮಂಚದಿಂದ ಅಳಿಯನ ಅಜ್ಜಿ ಮಾತಾಡಿದರು. ಎಂಬತ್ತರ ಮುದುಕಿ. ಕಣ್ಣು ಮಂಜು, ನಾಲಿಗೆ ಚುರುಕು.

"ಸೋಣದಲ್ಲಿ ಮಲ್ಲಿಗೆ ಎಲ್ಲಿಂದ ತರುವುದು, ಪಾಪ! ದೊಡ್ಡವಳಿಗೆ ಮುಡಿಸಿದ್ದು ಬೇಸಗೆಯಲ್ಲಿ, ಸುಗ್ಗಿ ತಿಂಗಳಲ್ಲಿ. ಅವಳ ಅಪ್ಪ ಎರಡು ಹೆಡಿಗೆ ಮಲ್ಲಿಗೆ ಹೊರಿಸಿಕೊಂಡು ಬಂದಿದ್ದರು. ಮೂರು ದಿನ ಮನೆಯಿಡೀ ಪರಿಮಳ. ರೈಟರು ಎಂತ ಮಾಡ್ತಾರೆ? ಅವರಿಗೆ ತೋಟವಾ, ಗುಡ್ಡೆಯಾ? ಎಂತ ಸಿಗ್ತದೋ ಅದನ್ನೇ ತರ್ಲಿ."

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಉಪಕಾರವೆಂದೇ ಹೇಳಿದ್ದು. ಆದರೆ ಆ "ಪಾಪ" ಉಂಟಲ್ಲ, ಅದು ನೆಟ್ಟಗೆ ಬಂದು ನನ್ನ ಎದೆಗೆ ಕೂತಿತು. ಬಾಗಿಲಿನ ಸಂದಿನಲ್ಲಿ ಸುಮತಿಯ ಕೈಬೆರಳು ಮಾತ್ರ ಕಾಣುತ್ತಿತ್ತು. ಅವಳೂ ಕೇಳಿಸಿಕೊಂಡಳಲ್ಲ? ಇನ್ನು ಈ ಮನೆಯಲ್ಲಿ ಅವಳು ಬದುಕಿರುವಷ್ಟು ಕಾಲ ಮಳೆಗಾಲ ಬಂದಾಗೆಲ್ಲ "ಇವಳಿಗೆ ಪಾಪ ಮಲ್ಲಿಗೆ ಇರಲಿಲ್ಲ" ಎಂಬ ಮಾತು ಬರುತ್ತದಲ್ಲ?

"ಮಲ್ಲಿಗೆ ನಾವು ತರ್ತೇವೆ" ಎಂದೆ.

ಜಗಲಿಯಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು.

"ಮಂಗಳೂರಿನಿಂದ ತರಿಸುವುದಾ? ಆಗ ಅಲ್ಲಿಯೂ ಇರುವುದಿಲ್ಲ" ಎಂದರು ಅಜ್ಜಿ.

"ಮಂಗಳೂರಿಂದ ಯಾಕೆ? ನಮ್ಮ ಮನೆಯದ್ದೇ."

"ನಿಮ್ಮ ಮನೆಯಲ್ಲಿ ಮಲ್ಲಿಗೆ ಉಂಟಾ?"

"ಉಂಟು."

ಸುಳ್ಳು ದಸ್ತಾವೇಜು ಬರೆದವನಲ್ಲ ನಾನು. ಆ ದಿನ ಸುಳ್ಳು ಹೇಳಿದೆ. ನಮ್ಮ ಅಂಗಳದಲ್ಲಿ ಇದ್ದದ್ದು ಒಂದು ತುಳಸಿಕಟ್ಟೆ, ಒಂದು ದಾಸವಾಳ. ಉಳಿದದ್ದು ಬರೀ ಕೆಂಪುಕಲ್ಲು. ಗುದ್ದಲಿ ಹಾಕಿದರೆ ಗುದ್ದಲಿಯ ಬಾಯಿ ಹೋಗುತ್ತದೆ.

ಹಿಂದಿರುಗುವ ಬಸ್ಸಿನಲ್ಲಿ ದೇವಕಿ ಟಿಕೆಟು ಮಡಚಿ ಸೆರಗಿಗೆ ಕಟ್ಟಿಕೊಂಡಳು. ಆಮೇಲೆ ಬಹಳ ಮೆಲ್ಲಗೆ ಕೇಳಿದಳು, "ಯಾವ ಮಲ್ಲಿಗೆ ಮಾರಾಯ್ರೆ?"

ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ತೊಂಬತ್ತು ದಿನ ಇತ್ತು.

ನಮ್ಮ ಮನೆಯಿಂದ ಮೂರು ಮನೆ ದಾಟಿದರೆ ಸೆರಾಫಿನಾ ಬಾಯಿಯ ಮನೆ. ಅವರ ಮಾವನ ಕಾಲದಲ್ಲಿ ಮಂಗಳೂರಿನಿಂದ ಬಂದ ಕೊಂಕಣಿ ಕ್ರಿಶ್ಚನ್ನರು. ಗಂಡ ತೀರಿಹೋದ ಮೇಲೆ ಮಲ್ಲಿಗೆ ಹೂವಿನಲ್ಲೇ ಮೂರು ಮಕ್ಕಳನ್ನು ಓದಿಸಿದ ಹೆಂಗಸು. ಅವರ ಹಿತ್ತಲಿನಲ್ಲಿ ಪಾತಿ ಪಾತಿಯಾಗಿ ಮಲ್ಲಿಗೆ. ಹೋಗಿ ನಿಂತು ಸಂಗತಿ ಹೇಳಿದೆ. ಅವರು ನಕ್ಕ ನಗೆಗೆ ಕೋಳಿಗಳು ಓಡಿದವು.

"ಸೋಣದಲ್ಲಿ ಮಲ್ಲಿಗೆಯಾ? ಎಂತ ರೈಟರೇ, ಹುಷಾರಿದ್ದೀರಲ್ಲ?"

"ನಿಮ್ಮ ಹಿತ್ತಲಲ್ಲಿ ಆಗ ಬಿಡುವುದಿಲ್ಲವಾ ಬಾಯಿ?"

"ಮಳೆ ಬಿದ್ದರೆ ಪಾತಿಯಲ್ಲಿ ಬರೀ ಎಲೆ. ಎಲೆ ಬೇಕಾದರೆ ಒಂದು ಗೋಣಿ ಕೊಡ್ತೇನೆ. ಮುಡಿಸ್ತೀರಾ?"

ಆದರೆ ಕೃಷಿ ಮಾಡುವವರ ಗುಣ ಒಂದುಂಟು. ಸಾಧ್ಯವೇ ಇಲ್ಲ ಎಂದು ನಕ್ಕ ಮೇಲೆ, ಅದು ಹೇಗೆ ಸಾಧ್ಯವಾದೀತು ಎಂದು ಯೋಚಿಸಲು ಕೂರುತ್ತಾರೆ. ಬಾಯಿ ಮೆಟ್ಟಿಲಿನ ಮೇಲೆ ಕುಳಿತರು. ಗಲ್ಲಕ್ಕೆ ಕೈ ಕೊಟ್ಟರು.

"ನೋಡಿ, ಮಲ್ಲಿಗೆಯನ್ನು ಹೆದರಿಸಬೇಕು" ಎಂದರು.

"ಹೆದರಿಸುವುದಾ?"

"ಹೌದು. ನೀರು ನಿಲ್ಲಿಸಬೇಕು. ಗೆಲ್ಲು, ರೆಂಬೆ ಕತ್ತರಿಸಬೇಕು. ಎಲೆ ಎಲ್ಲ ಕಿತ್ತು ಬೋಳಿಸಬೇಕು. ನಾನು ಇನ್ನು ಸತ್ತೆ ಅಂತ ಗಿಡಕ್ಕೆ ಅನ್ನಿಸಬೇಕು. ಆಮೇಲೆ ಒಮ್ಮೆಗೇ ಗೊಬ್ಬರ, ನೀರು, ಬಿಸಿಲು. ಜೀವ ಬಂತು ಅಂತ ಗಡಿಬಿಡಿಯಲ್ಲಿ ಹೂ ಬಿಡ್ತದೆ. ಆದರೆ ಮಳೆಗಾಲದಲ್ಲಿ ಪಾತಿಗೆ ನೀರು ನಿಲ್ಲಿಸುವುದು ಹೇಗೆ? ಆಕಾಶಕ್ಕೆ ಬಿರಡೆ ಹಾಕ್ತೀರಾ?"

ಆಗ, ಪ್ರಿಯ ಓದುಗರೇ, ಜೀವಮಾನದಲ್ಲಿ ಒಮ್ಮೆ ನನಗೂ ತಲೆ ಓಡಿತು. ಪಾತಿಯಲ್ಲಿರುವುದನ್ನು ಮಳೆಯಿಂದ ಎತ್ತಿಡಲಿಕ್ಕಾಗುವುದಿಲ್ಲ. ಡಬ್ಬದಲ್ಲಿರುವುದನ್ನು?

"ಡಬ್ಬದಲ್ಲಿ ನೆಟ್ಟರೆ?" ಎಂದೆ.

ಬಾಯಿ ನನ್ನನ್ನು ಮೊದಲ ಬಾರಿಗೆ ಕಂಡವರಂತೆ ನೋಡಿದರು.

ಮರುದಿನದಿಂದ ಡಬ್ಬದ ಬೇಟೆ. ಚಿಮಿಣಿ ಎಣ್ಣೆಯ, ಅಂದರೆ ಸೀಮೆಎಣ್ಣೆಯ, ಚೌಕದ ಡಬ್ಬ. ಯಾವ ಅಂಗಡಿಗೆ ಹೋದರೂ ನನ್ನ ಕಣ್ಣು ಮೂಲೆಗೆ. ಹಳೆಯ ಕಕ್ಷಿಗಾರರೆಲ್ಲ ನೆನಪಾದರು. ಒಬ್ಬ ಪತ್ರ ಬರೆಸಲು ಬಂದವನು ಡಬ್ಬ ಹೊತ್ತುಕೊಂಡೇ ಬಂದ. ಹದಿನೈದು ದಿನದಲ್ಲಿ ಇಪ್ಪತ್ತನಾಲ್ಕು. ತಳಕ್ಕೆ ಮೊಳೆಯಿಂದ ತೂತು. ಮೇಲೆ ಒಡೆದ ಹಂಚಿನ ಚೂರು. ಅದರ ಮೇಲೆ ಹೊಳೆಯ ಹೊಯಿಗೆ, ಸುಡುಮಣ್ಣು, ಹಳೆಯ ಸೆಗಣಿಗೊಬ್ಬರ. ಬಾಯಿ ತಮ್ಮ ಪಾತಿಯಿಂದ ಎರಡು ವರ್ಷದ ಇಪ್ಪತ್ತನಾಲ್ಕು ಬುಡಗಳನ್ನು ಮಣ್ಣುಸಮೇತ ಎಬ್ಬಿಸಿ ಕೊಟ್ಟರು. ಕೊಡುವಾಗ ಒಂದೊಂದಕ್ಕೂ ಶಿಲುಬೆಯ ಗುರುತು ಮಾಡಿದರು. ದೇವಕಿ ಅವುಗಳಿಗೆ ಅರಶಿನ ಕುಂಕುಮ ಹಚ್ಚಿದಳು. ಎರಡೂ ಕಡೆಯ ರಕ್ಷಣೆ ಇರಲಿ ಎಂದುಕೊಂಡೆ.

ಮಳೆ ಹಿಡಿಯಿತು. ಡಬ್ಬಗಳು ಜಗಲಿಯ ಮಾಡಿನ ಅಡಿಗೆ ಬಂದವು. ನೀರು ನಿಲ್ಲಿಸಿದೆವು. ಬಾಯಿ ಬಂದು ಗೆಲ್ಲು ಕತ್ತರಿಸಿ ಎಲೆ ಬೋಳಿಸಿದರು. ಇಪ್ಪತ್ತನಾಲ್ಕು ಡಬ್ಬಗಳಲ್ಲಿ ಇಪ್ಪತ್ತನಾಲ್ಕು ಹಿಡಿ ಕಡ್ಡಿ. ಸುತ್ತಲೂ ಊರೆಲ್ಲ ಹಸಿರು, ಕಲ್ಲಿನ ಮೇಲೆ ಕೂಡ ಪಾಚಿ. ನನ್ನ ಜಗಲಿಯಲ್ಲಿ ಮಾತ್ರ ಬರಗಾಲ.

"ಹೆದರಿವೆಯಾ ಬಾಯಿ?" ಎಂದು ದಿನಾ ಕೇಳುತ್ತಿದ್ದೆ.

"ನಿಮ್ಮ ಹತ್ತಿರ ಇದ್ದಾವಲ್ಲ, ಹೆದರದೆ ಎಲ್ಲಿಗೆ ಹೋಗ್ತವೆ?" ಎಂದಳು ದೇವಕಿ, ಒಳಗಿನಿಂದ.

ಆಟಿ ಹಿಡಿಯುವುದಕ್ಕೆ ಸ್ವಲ್ಪ ಮೊದಲು ಬಾಯಿ ಅಪ್ಪಣೆ ಕೊಟ್ಟರು. ಇನ್ನು ನೀರು ಹಾಕಿ. ನೆಲಗಡಲೆ ಹಿಂಡಿಯನ್ನು ಮಡಕೆಯಲ್ಲಿ ಕೊಳೆಸಿ ಅದರ ತಿಳಿ ಹಾಕಿ. (ಆ ಮಡಕೆಯ ಮುಚ್ಚಳ ತೆಗೆದ ದಿನ ನಮ್ಮ ಮನೆಗೆ ಬಂದಿದ್ದ ನೆಂಟರು ಕಾಫಿ ಕುಡಿಯದೆ ಹೋದರು. ಅದಕ್ಕೂ ಒಂದು ಉಪಯೋಗ ಉಂಟು, ಓದುಗರು ಬೇಕಿದ್ದರೆ ಪ್ರಯೋಗಿಸಬಹುದು.) ಮತ್ತು ಬಿಸಿಲು. ಬಿಸಿಲು ಕಂಡ ಕೂಡಲೇ ಡಬ್ಬ ಹೊರಗೆ, ಮೋಡ ಕಂಡ ಕೂಡಲೇ ಡಬ್ಬ ಒಳಗೆ.

ಆಟಿಯ ಬಿಸಿಲು ಎಂದರೆ ಏನು? ಬಂತು ಎನ್ನುವಷ್ಟರಲ್ಲಿ ಹೋಯಿತು. ಕಚೇರಿಯ ಜಗಲಿಯಲ್ಲಿ ಕುಳಿತು ನಾನು ಪತ್ರ ಬರೆಯುತ್ತಿದ್ದೆ ಎಂದು ಜನ ತಿಳಿದಿದ್ದರು. ನಾನು ಎದುರಿನ ಗೋಡೆಯ ನೆರಳು ನೋಡುತ್ತಿದ್ದೆ. ನೆರಳು ಚೂಪಾಯಿತೋ, ಪೆನ್ನಿನ ಟೊಪ್ಪಿ ಹಾಕಿ ಎದ್ದೆ. "ನಾಲ್ಕು ಗಡಿಯ ಚಕ್ಕುಬಂದಿ ಆಮೇಲೆ ಬರೆಯುವ, ಈಗ ಬಂದೆ" ಎಂದು ಮನೆಗೆ ಓಟ. ಹತ್ತು ನಿಮಿಷದ ದಾರಿ. ಏದುಸಿರು ಬಿಡುತ್ತಾ ಮುಟ್ಟುವಾಗ ಇಪ್ಪತ್ತನಾಲ್ಕೂ ಡಬ್ಬಗಳು ಅಂಗಳದಲ್ಲಿ ಸಾಲಾಗಿ ಬಿಸಿಲು ಕಾಯಿಸುತ್ತಿರುತ್ತಿದ್ದವು. ದೇವಕಿ ಸೆರಗಿನಿಂದ ಬೆವರು ಒರೆಸುತ್ತಾ, "ಬಂದಿರಾ? ಇನ್ನು ಒಳಗೆ ಇಡುವ, ಮೋಡ ಬಂತು" ಎನ್ನುತ್ತಿದ್ದಳು.

ಒಟ್ಟಿನಲ್ಲಿ ಹೊರಗೆ ಇಟ್ಟದ್ದೆಲ್ಲ ಅವಳು. ಒಳಗೆ ಇಟ್ಟದ್ದರಲ್ಲಿ ಅರ್ಧ ನಾನು. ಚಿಂತೆ ಪೂರ್ತಿ ನನ್ನದು. ಕೆಲಸ ಹೀಗೆ ಸಮನಾಗಿ ಹಂಚಿಕೊಂಡಿದ್ದೆವು.

ಚಿಗುರು ಬಂತು. ಆಮೇಲೆ ಒಂದು ಬೆಳಿಗ್ಗೆ ಚಿಗುರಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಏನೋ. ನಾನು ಹುಳದ ಮೊಟ್ಟೆ ಎಂದು ಗಾಬರಿಯಾಗಿ ಕೂಗಿದೆ. ಬಾಯಿ ಓಡಿಬಂದು ಬಗ್ಗಿ ನೋಡಿದರು. ಒಂದು ಡಬ್ಬ, ಎರಡು ಡಬ್ಬ, ಆರು ಡಬ್ಬ. ಆಮೇಲೆ ಸೊಂಟಕ್ಕೆ ಕೈಯಿಟ್ಟು ನೆಟ್ಟಗೆ ನಿಂತರು.

"ರೈಟರೇ, ಮೊಗ್ಗು."

ನಲವತ್ತೆಂಟು ವರ್ಷದ ಗಂಡಸು ಚಿಮಿಣಿ ಎಣ್ಣೆಯ ಡಬ್ಬದ ಎದುರು ಕೈಮುಗಿದು ನಿಂತದ್ದನ್ನು ದಾರಿಯಲ್ಲಿ ಹೋಗುವವರು ಕಂಡರು. ಕಾಣಲಿ.

ಆದರೆ ನನಗೆ ಸಂತೋಷ ಎಷ್ಟು ಹೊತ್ತು ಬಾಳುತ್ತದೆ? ಆಟಿಯ ಕೊನೆಯ ವಾರ ಮಳೆ ನಿಂತಿತು. ಒಂದು ದಿನ, ಎರಡು ದಿನ, ನಾಲ್ಕು ದಿನ. ನೀಲಿ ಆಕಾಶ, ಸುಡು ಬಿಸಿಲು. ಊರಿನವರೆಲ್ಲ ಹಪ್ಪಳ ಒಣಗಿಸಿದರು. ಬಿಸಿಲಿಗಾಗಿ ಒಂದು ತಿಂಗಳು ಬೇಡಿದ ನಾನು ಈಗ ಮೊಗ್ಗು ಉಬ್ಬುವುದನ್ನು ನೋಡಿ ಬೆವರತೊಡಗಿದೆ. ಶಾಸ್ತ್ರಕ್ಕೆ ಇನ್ನೂ ಒಂಬತ್ತು ದಿನ ಇತ್ತು. ಹೀಗೇ ಬಿಸಿಲು ಕಾದರೆ ನಾಲ್ಕೈದು ದಿನಕ್ಕೆ ಎಲ್ಲವೂ ಅರಳುತ್ತಿತ್ತು. ಅರಳಿದ ಹೂವನ್ನು ಒಂಬತ್ತನೇ ದಿನದವರೆಗೆ ಇಡುವುದು ಎಲ್ಲಿ? ದಸ್ತಾವೇಜಾದರೆ ಬೀರುವಿನಲ್ಲಿಡಬಹುದು.

"ತಂಪಿಗೆ, ಕತ್ತಲೆಗೆ ಇಡಿ" ಎಂದರು ಬಾಯಿ. "ಮೊಗ್ಗಿಗೆ ನಿದ್ದೆ ಬರಬೇಕು."

ನಮ್ಮ ಮನೆಯಲ್ಲಿ ತಂಪಾದ ಕತ್ತಲೆ ಕೋಣೆ ಒಂದೇ. ನಾನು ಕಾಗದಪತ್ರ ಇಟ್ಟುಕೊಳ್ಳುವ ಕೋಣೆ. ಇಪ್ಪತ್ತೆರಡು ವರ್ಷದ ಕರಡುಗಳೆಲ್ಲ ಅಟ್ಟಕ್ಕೆ ಹೋದವು. ಮಲ್ಲಿಗೆ ಒಳಗೆ ಬಂತು. ಕಿಟಕಿಗೆ ಒದ್ದೆ ಗೋಣಿ ಕಟ್ಟಿದೆವು. ಪತ್ರ ಬರೆಸಲು ಮನೆಗೇ ಬಂದ ಒಬ್ಬರು ಬಾಗಿಲಲ್ಲಿ ನಿಂತು ಇಣುಕಿ, "ಎಂತ ರೈಟರೇ, ಇವರೆಲ್ಲ ಯಾವ ಪತ್ರಕ್ಕೆ ಸಾಕ್ಷಿಗಳು?" ಎಂದು ಕೇಳಿದರು. ನಾನು ನಗಲಿಲ್ಲ. ನಗುವ ಸ್ಥಿತಿಯಲ್ಲಿ ಇರಲಿಲ್ಲ.

ದಿನಕ್ಕೆ ಸ್ವಲ್ಪ ಬೆಳಕು ತೋರಿಸಿ ಮತ್ತೆ ಒಳಗೆ. ಇನ್ನೂ ಸ್ವಲ್ಪ ತೋರಿಸುವುದೋ ಬೇಡವೋ ಎಂದು ನಾನೂ ಬಾಯಿಯೂ ವಾದ ಮಾಡಿದ್ದಕ್ಕೆ ಲೆಕ್ಕವಿಲ್ಲ. ಅವರದ್ದು ಮೂವತ್ತು ವರ್ಷದ ಅನುಭವ, ನನ್ನದು ಇಪ್ಪತ್ತೆರಡು ವರ್ಷದ ಭಯ. ಕಡೆಗೆ ಅನುಭವವೇ ಗೆದ್ದಿತು. ನಾಲ್ಕು ದಿನ ಉಳಿದಿರುವಾಗ ಗೋಣಿ ಬಿಚ್ಚಿಸಿ, "ಇನ್ನು ಹೊರಗೆ" ಎಂದರು. ಹೊರಗೆ ಇಟ್ಟೆವು.

ಶಾಸ್ತ್ರದ ದಿನ ಬೆಳಕು ಹರಿಯುವಾಗ ಅಂಗಳಕ್ಕೆ ಇಳಿದೆ. ಏನು ಹೇಳಲಿ? ಎಲೆ ಕಾಣುತ್ತಿರಲಿಲ್ಲ. ಇಪ್ಪತ್ತಮೂರು ಡಬ್ಬಗಳ ಮೇಲೆ ಯಾರೋ ಹುರಿದ ಭತ್ತದ ಹೊದ್ಲು ಸುರಿದ ಹಾಗೆ. ಬಿರಿಯುವುದಕ್ಕೆ ಒಂದು ಹಗಲು ಬಾಕಿ ಇರುವ, ಹಾಲಿನಲ್ಲಿ ಅದ್ದಿ ತೆಗೆದಂಥ ಮೊಗ್ಗು. ಒಂದೇ ಒಂದು ಡಬ್ಬ ಮಾತ್ರ ಬೋಳಾಗಿ ನಿಂತಿತ್ತು. ಅದು ಹೆದರಲೇ ಇಲ್ಲ ಎಂದು ಕಾಣುತ್ತದೆ. (ಅದರ ಬಗ್ಗೆ ನನಗೆ ಗೌರವ ಉಂಟು.)

ನಾನು, ದೇವಕಿ, ಬಾಯಿ ಮೂವರೂ ಕೊಯ್ದೆವು. ಅವರಿಬ್ಬರು ಬಾಳೆನಾರಿನಲ್ಲಿ ಕಟ್ಟಿದರು. ಕೈ ಓಡುತ್ತಿತ್ತು, ನಾಲಿಗೆಯೂ. ಒಬ್ಬರು ತುಳು, ಒಬ್ಬರು ಕೊಂಕಣಿ, ಬೈಗಳು ಎರಡರಲ್ಲಿಯೂ ನನಗೇ. ಕಟ್ಟಿದ್ದನ್ನು ಬಾಳೆಲೆಯಲ್ಲಿ ಸುತ್ತಿ ನೀರು ಚಿಮುಕಿಸಿ ಬುಟ್ಟಿಯಲ್ಲಿಟ್ಟೆವು. ಬುಟ್ಟಿ ಅಂಚಿನವರೆಗೆ ತುಂಬಿತು. "ನೀವೂ ಬನ್ನಿ ಬಾಯಿ" ಎಂದಳು ದೇವಕಿ. "ನಾನು ಬಂದರೆ ಹೂವು ರೈಟರದ್ದು ಅಂತ ಯಾರು ನಂಬ್ತಾರೆ?" ಎಂದರು ಸೆರಾಫಿನಾ ಬಾಯಿ. ಎಂಥ ದೊಡ್ಡ ಮನಸ್ಸು! ನಾನು ಎರಡನೇ ಬಾರಿ ಕರೆಯಲಿಲ್ಲ.

ಬಾಡಿಗೆ ಕಾರಿನಲ್ಲಿ ಹೊರಟೆವು. ಬುಟ್ಟಿ ನನ್ನ ತೊಡೆಯ ಮೇಲೆ. ಪ್ರತಿ ಗುಂಡಿಗೆ ನಾನು ಬುಟ್ಟಿಯನ್ನು ಎತ್ತಿ ಹಿಡಿಯುತ್ತಿದ್ದೆ. ಡ್ರೈವರ್ ಮೋನು ಕನ್ನಡಿಯಲ್ಲಿ ನೋಡುತ್ತಲೇ ಇದ್ದ.

"ಮಲಗಿದೆಯಾ ರೈಟರೇ?"

"ಎಂತದು?"

"ಮಗು."

"ನೀನು ರಸ್ತೆ ನೋಡು ಮಾರಾಯ!"

ಮುಳ್ಳೇರಿಯದ ಆ ಮನೆಯ ಅಂಗಳದಲ್ಲಿ ಚಪ್ಪರ. ನಾಲ್ಕಾರು ಮನೆಯ ಹೆಂಗಸರು ಬಂದಿದ್ದರು. ನಡುವೆ ಮಣೆಯ ಮೇಲೆ ಹಸಿರು ಸೀರೆ ಉಟ್ಟು ಸುಮತಿ. ಪಕ್ಕದಲ್ಲಿ ಒಂದು ತಟ್ಟೆ ತುಂಬ ಅಬ್ಬಲಿಗೆ, ಅಂದರೆ ಕನಕಾಂಬರ, ಕಟ್ಟಿ ಇಟ್ಟಿದ್ದರು. ನಾವು ಬರಿಗೈಯಲ್ಲಿ ಬರುತ್ತೇವೆಂದು ತಿಳಿದು ಅತ್ತೆ ಮಾಡಿಸಿಟ್ಟದ್ದು ಎಂದುಕೊಂಡೆ. ನನಗೆ ಒಳಗೊಳಗೇ ನಗು ಬಂತು. ಬುಟ್ಟಿಯನ್ನು ನೇರ ಅಜ್ಜಿಯ ಎದುರು ಇಟ್ಟೆ. ಬಾಳೆಲೆ ಬಿಚ್ಚಿದೆ.

ಕಣ್ಣು ಕಾಣಬೇಕಾಗಿರಲಿಲ್ಲ. ಅಜ್ಜಿಯ ಮೂಗು ಮೇಲೆದ್ದಿತು. ಕೈ ಬುಟ್ಟಿಯೊಳಗೆ ಹೋಯಿತು, ಮೊಣಕೈವರೆಗೆ.

"ಇದು ಎಲ್ಲಿಯದ್ದು?"

"ನಮ್ಮ ಮನೆಯದ್ದು."

"ಆ ಕಲ್ಲಿನಲ್ಲಿಯಾ?"

"ಕಲ್ಲಿನ ಮೇಲೆ. ಡಬ್ಬದಲ್ಲಿ."

ಅಜ್ಜಿ ಒಂದು ಮೊಗ್ಗನ್ನು ಬೆರಳಲ್ಲಿ ಉರುಳಿಸಿ ನೋಡಿದರು. ಆಮೇಲೆ ಊರಿಗೇ ಕೇಳುವ ಹಾಗೆ ಹೇಳಿದರು: "ರೈಟರು ಬರೆದದ್ದರಲ್ಲಿ ಅರ್ಧ ನಂಬಬೇಕು ಅಂತ ಊರಿನವರು ಹೇಳ್ತಾರೆ. ಹೇಳಿದ್ದನ್ನು ಪೂರ್ತಿ ನಂಬಬಹುದು ಅಂತ ಇವತ್ತು ಗೊತ್ತಾಯ್ತು. ದೊಡ್ಡವಳದ್ದು ಸುಗ್ಗಿಯ ಮಲ್ಲಿಗೆ. ಸುಗ್ಗಿಯಲ್ಲಿ ಯಾರ ಮನೆಯಲ್ಲಿಯೂ ಬಿಡ್ತದೆ. ಇದು ಸೋಣದ್ದು!"

ಕೇಳಿದಿರಾ? ಸುಗ್ಗಿಯಲ್ಲಿ ಯಾರ ಮನೆಯಲ್ಲಿಯೂ ಬಿಡ್ತದೆ! ನಾನು ಕಂಬಕ್ಕೆ ಒರಗಿ ನಿಂತೆ. ಒರಗದಿದ್ದರೆ ಹಾರಿಹೋಗುತ್ತಿದ್ದೆ.

ಹೆಂಗಸರು ಒಬ್ಬೊಬ್ಬರಾಗಿ ಬಂದರು. ಅಜ್ಜಿಯೇ ಮೊದಲು. ಅತ್ತೆ ಅಬ್ಬಲಿಗೆಯ ತಟ್ಟೆಯತ್ತ ಒಮ್ಮೆ ನೋಡಿದರು, ಸುಮತಿಯತ್ತ ನೋಡಿದರು, ನನ್ನತ್ತ ನೋಡಿದರು. ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು. ಮಲ್ಲಿಗೆ ಏರುತ್ತಾ ಹೋಯಿತು. ಜಡೆ ಕಾಣದಾಯಿತು, ಹೆಗಲು ತುಂಬಿತು. ಸುಮತಿ ಕರವಸ್ತ್ರದಲ್ಲಿ ಮೂಗು ಬಾಯಿ ಮುಚ್ಚಿಕೊಂಡಿದ್ದಳು, ಕಣ್ಣಿನಲ್ಲಿ ನೀರು. ಅದನ್ನು ಕಂಡು ನನಗೂ ತಡೆಯಲಾಗಲಿಲ್ಲ. ಕಂಬದ ಆಚೆಗೆ ಹೋಗಿ ಶಾಲಿನಲ್ಲಿ ಮುಖ ಒರೆಸಿಕೊಂಡೆ. ಬಂದ ಹೆಂಗಸರಿಗೆಲ್ಲ ಒಂದೊಂದು ಗೇಣು ಹೂ ಹಂಚಿದರು. ಇನ್ನೂ ಮಿಕ್ಕಿತು. ದೇವರ ಮೂರ್ತಿಗೂ ಬಾಗಿಲಿಗೂ ಹಾಕಿದರು. ಡ್ರೈವರ್ ಮೋನು ಕಾರಿನ ಮೂತಿಗೆ ಸಿಕ್ಕಿಸಿಕೊಂಡ.

ಊಟವಾದ ಮೇಲೆ ಗಂಡಸರೆಲ್ಲ ನನ್ನ ಸುತ್ತ. ಸಾವಿರಾರು ಗಿಡ ಸಾಕಿದ ಕೃಷಿಕರು! ನಾನು ಎಲೆಗೆ ಸುಣ್ಣ ಹಚ್ಚುತ್ತಾ ನಿಧಾನವಾಗಿ ಶುರುಮಾಡಿದೆ. "ನೋಡಿ ಭಾವ, ಮುಖ್ಯ ಎಂತ ಅಂದರೆ, ಗಿಡವನ್ನು ಹೆದರಿಸಬೇಕು." ಒಂದೂವರೆ ಗಂಟೆ ಮಾತಾಡಿದೆ. ಸೆರಾಫಿನಾ ಬಾಯಿಯ ಹೆಸರನ್ನು ಒಂದು ಸಲ ಹೇಳಿದೆ. (ಎರಡು ಸಲ ಎಂದು ದೇವಕಿಗೆ ಹೇಳಿದ್ದೇನೆ.) ಮೊದಲ ಸೊಸೆಯ ತಂದೆ ಕೂಡ ಒಂದು ಬುಡ ಸಿಗಬಹುದಾ ಎಂದು ಕೇಳಿದರು. ನೋಡುವ ಎಂದೆ. ಜೀವನದಲ್ಲಿ ಒಬ್ಬ ತೋಟದವನಿಗೆ ನೋಡುವ ಎನ್ನುವ ಯೋಗ ಬಂತಲ್ಲ!

ಸಂಜೆ ಮಗಳನ್ನು ಕರೆದುಕೊಂಡು ಹೊರಟೆವು. ಅಜ್ಜಿ ಅಂಗಳದವರೆಗೆ ಬಂದು ಬೀಳ್ಕೊಟ್ಟರು. ಕಾರು ತಿರುಗಿ ಮನೆ ಮರೆಯಾಯಿತು. ನಾನು ಮುಂದಿನ ಸೀಟಿನಲ್ಲಿ ಕುಳಿತು ಆ ದಿನದ ಒಂದೊಂದು ಮಾತನ್ನೂ ಮತ್ತೆ ಸವಿಯುತ್ತಿದ್ದೆ.

"ಅಪ್ಪಾ, ಕಾರು ನಿಲ್ಲಿಸಿ" ಎಂದಳು ಸುಮತಿ.

ನಿಲ್ಲಿಸಿದೆವು. ಅವಳು ಇಳಿದು ರಸ್ತೆಯ ಬದಿಗೆ ಹೋಗಿ ವಾಂತಿ ಮಾಡಿದಳು. ದೇವಕಿ ಬೆನ್ನು ನೀವಿದಳು. ಬಾಯಿ ತೊಳೆದುಕೊಂಡ ಮೇಲೆ ಸುಮತಿ ಮೊದಲು ಮಾಡಿದ ಕೆಲಸ, ಜಡೆಯ ಮಲ್ಲಿಗೆಯನ್ನೆಲ್ಲ ಬಿಚ್ಚಿ ತಾಯಿಯ ಸೆರಗಿಗೆ ಹಾಕಿದ್ದು. ಆಮೇಲೆ ಉದ್ದಕ್ಕೆ ಒಂದು ಉಸಿರು ಬಿಟ್ಟಳು.

"ಮಲ್ಲಿಗೆ ಪರಿಮಳ ನನಗೆ ಆಗುವುದಿಲ್ಲಪ್ಪ. ಮೂರನೇ ತಿಂಗಳಿಂದ. ಹತ್ತಿರ ಬಂದರೆ ಹೊಟ್ಟೆ ತೊಳೆಸ್ತದೆ. ಅದಕ್ಕೇ ಅತ್ತೆ ಅಬ್ಬಲಿಗೆ ಕಟ್ಟಿಸಿ ಇಟ್ಟದ್ದು, ಅದಕ್ಕೆ ವಾಸನೆ ಇಲ್ಲ ಅಂತ."

"ಮತ್ತೆ ನೀನು ಹೇಳುವುದಲ್ಲವಾ ಮಗಾ!"

"ಹೇಗೆ ಹೇಳುವುದು? ನೀವು ಆ ಬುಟ್ಟಿ ಹಿಡಿದುಕೊಂಡು ಬಂದದ್ದು ನೋಡಿ ಅತ್ತೆಯೇ ಸುಮ್ಮನಾದರು." ಅವಳು ನಗಲು ತೊಡಗಿದಳು. ಕಣ್ಣಿನಲ್ಲಿ ನೀರು ಬರುವಷ್ಟು ನಕ್ಕಳು. ಈ ಸಲ ನಿಜವಾದ ನೀರು. "ಪರವಾಗಿಲ್ಲಪ್ಪ. ಅಜ್ಜಿ ಹಾಗೆ ಹೇಳಿದರಲ್ಲ, ಅದನ್ನು ಕೇಳಲಿಕ್ಕೆ ಇನ್ನೊಂದು ಗಂಟೆ ಬೇಕಾದರೂ ಕೂರುತ್ತಿದ್ದೆ."

ಡ್ರೈವರ್ ಮೋನು ಇಳಿದು ಹೋಗಿ ಕಾರಿನ ಮೂತಿಯ ಹೂವನ್ನು ತೆಗೆದ.

ಈಗ ಸುಮತಿ ನಮ್ಮಲ್ಲಿದ್ದಾಳೆ. ಹೆರಿಗೆಯವರೆಗೆ ಇರುತ್ತಾಳೆ, ಆಮೇಲೆ ಬಾಣಂತನ. ಇಪ್ಪತ್ತನಾಲ್ಕು ಡಬ್ಬಗಳೂ ಅವಳು ಬಂದ ಮರುದಿನವೇ ಮೂರು ಮನೆ ದಾಟಿ ಸೆರಾಫಿನಾ ಬಾಯಿಯ ಹಿತ್ತಲಿಗೆ ಹೋದವು. ಈ ಸಲ ಎಲ್ಲವನ್ನೂ ನಾನೇ ಹೊತ್ತೆ. ಇನ್ನೂ ಹೂ ಬಿಡುತ್ತಲೇ ಇವೆಯಂತೆ, ನೋಡಲು ದಿನಾ ಯಾರಾದರೂ ಬರುತ್ತಾರಂತೆ. ಗೆದ್ದದ್ದು ಗೆದ್ದದ್ದೇ, ಅದರಲ್ಲಿ ಸಂಶಯವಿಲ್ಲ.

ಆದರೂ ಒಂದು ಮಾತು. ಮಲ್ಲಿಗೆಗೆ ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ತೊಂಬತ್ತು ದಿನ ಊರೆಲ್ಲ ಕೇಳುತ್ತಾ ತಿರುಗಿದ ನಾನು, ಅದನ್ನೇ ಮಗಳಿಗೆ ಒಂದು ಕಾರ್ಡು ಹಾಕಿ ಕೇಳಬಹುದಿತ್ತಲ್ಲ?